ಬೀಳದ ಚಕ್ರ, ನಿನ್ನ ಹೆದರಿಕೆ

ಪ್ರೀತಿಯ ಪುಟ್ಟಿ,

ಮನೆ ಸುದ್ದಿ ಎಲ್ಲ ನಿನ್ನ ಅಮ್ಮ ಹೇಳಿರ್ತಾಳೆ, ಅದು ಬಿಡು. ನಿನ್ನ ಪತ್ರದ ಕೊನೆಗೆ ಬರೆದಿದ್ದೆಯಲ್ಲ, ಜೈರೋಸ್ಕೋಪಿನ, ಆ ಜೋರಾಗಿ ತಿರುಗುವ ಚಕ್ರದ, ಲೆಕ್ಕ ಸರಿ ಬರ್ತದೆ ಮಾವ, ಆದರೆ ಅದು ಯಾಕೆ ಬೀಳುವುದಿಲ್ಲ ಅಂತ ಒಳಗೆ ಹೊಳೆಯುವುದಿಲ್ಲ, ಗೊತ್ತಿದ್ದವಳ ಹಾಗೆ ಸುಮ್ನೆ ನಾಟಕ ಮಾಡ್ತಾ ಇದ್ದೇನಾ ಅಂತ ಹೆದರಿಕೆ ಆಗ್ತದೆ ಅಂತ. ಅದನ್ನು ಓದಿ ನನ್ನ ಮಧ್ಯಾಹ್ನದ ನಿದ್ದೆ ಹೋಯಿತು ಮಾರಾಯ್ತಿ.

ನಿನಗೆ ಅನುಮಾನ ಬಂದದ್ದು ಸರಿಯಾದ ಜಾಗದಲ್ಲೇ. ತಿರುಗುವ ಚಕ್ರದ ಅಚ್ಚನ್ನು ಅಡ್ಡ ಹಿಡಿದು, ಒಂದು ತುದಿಯನ್ನು ಹಗ್ಗಕ್ಕೆ ಕಟ್ಟಿ, ಇನ್ನೊಂದನ್ನು ಕೈಬಿಟ್ಟರೆ ಅದು ನಿಜವಾಗಿ ಸ್ವಲ್ಪ ಬೀಳುತ್ತದೆ. ತುಸು ಬಾಗಿ, ಮೇಲೆ ಕೆಳಗೆ ಆಡಿಕೊಂಡೇ ಹಗ್ಗದ ಸುತ್ತ ಸುತ್ತಲು ಶುರು ಮಾಡುತ್ತದೆ. ಸುತ್ತುವ ಶಕ್ತಿ ಆ ಬಾಗಿದ್ದರಿಂದಲೇ ಬರುವುದು. ಘರ್ಷಣೆಯಿಂದ ಆ ಅಲ್ಲಾಟ ಬೇಗ ನಿಲ್ಲುತ್ತದೆ. ಪುಸ್ತಕದವರು ಜಾಸ್ತಿ ಅದನ್ನು ಹಾರಿಸಿ ನೇರ ಸುತ್ತುವಲ್ಲಿಗೆ ಬರ್ತಾರೆ. ನಿನ್ನ ಮನಸ್ಸು ಒಪ್ಪದ್ದು ಅಲ್ಲೇ ಇರಬೇಕು.

ಕೆಳಗೆ ಬೀಳುವ ಬದಲು ಅಡ್ಡಕ್ಕೆ ಯಾಕೆ ಹೋಗುತ್ತದೆ? ರಿಮ್ಮಿನ ಒಂದು ಚೂರನ್ನು ಮಾತ್ರ ನೋಡು. ಭಾರಕ್ಕೆ ಚಕ್ರ ಬಾಗುವಾಗ ಮೇಲಿನ ಅರ್ಧದಲ್ಲಿರುವ ಚೂರನ್ನು ಅದು ಹಗ್ಗದಿಂದ ಆಚೆಗೆ ತಳ್ಳುತ್ತದೆ, ಕೆಳಗಿನ ಅರ್ಧದಲ್ಲಿ ಹಗ್ಗದ ಕಡೆಗೆ. ಆದರೆ ಚೂರು ನಿಂತಿಲ್ಲವಲ್ಲ. ಮೇಲಿನ ಅರ್ಧ ದಾಟುವವರೆಗೂ ತಳ್ಳಿದ್ದು ಕೂಡುತ್ತಾ ಹೋಗಿ, ಆಚೆಗಿನ ವೇಗ ತುಂಬ ಜಾಸ್ತಿ ಇರುವುದು ಅದು ಪಕ್ಕಕ್ಕೆ ಬಂದಾಗ, ಅಂದರೆ ಚಕ್ರದ ಮೇಲಿನ ತುದಿಯಿಂದ ಕಾಲು ಸುತ್ತು ಆದ ಮೇಲೆ. ಎದುರು ಪಕ್ಕದಲ್ಲಿ ಅಷ್ಟೇ ವೇಗ ಈಚೆಗೆ. ಒಂದು ಪಕ್ಕ ಆಚೆ, ಇನ್ನೊಂದು ಈಚೆ ಹೋದರೆ ಚಕ್ರ ಅಡ್ಡಕ್ಕೆ ತಿರುಗಿತು, ಅಲ್ವಾ?

ಹಡಗಿನಲ್ಲಿದ್ದಾಗ ಜೈರೋ ಕಂಪಾಸ್, ಅಂದರೆ ತಿರುಗುವ ಚಕ್ರದಿಂದ ದಿಕ್ಕು ತೋರಿಸುವ ಯಂತ್ರ, ದಿನಾ ನನ್ನ ಕಣ್ಣೆದುರೇ ಇತ್ತು. ಬಂದರು ಬಿಡುವ ಎಷ್ಟೋ ಗಂಟೆ ಮೊದಲೇ ಚಾಲೂ ಮಾಡಬೇಕು, ಅತ್ತಿತ್ತ ಆಡಿ ನಿಧಾನಕ್ಕೆ ನಿಜವಾದ ಉತ್ತರಕ್ಕೆ ಬಂದು ಕೂರುತ್ತದೆ. ಒಂದು ಚಕ್ರ, ಅದರ ಕೆಳಗೆ ಒಂದಿಷ್ಟು ಭಾರ, ಅಷ್ಟರಿಂದಲೇ ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದು ಸಿಕ್ಕಿಬೀಳುತ್ತದೆ. 1852ರಲ್ಲಿ ಫ್ರಾನ್ಸಿನ ವಿಜ್ಞಾನಿ ಫೂಕೋ ಜೈರೋಸ್ಕೋಪ್ ಮಾಡಿದ್ದೇ ಭೂಮಿ ತಿರುಗುವುದನ್ನು ತೋರಿಸಲಿಕ್ಕೆ. ನಾನೋ, ಅಂಕಿ ನೋಡಿ ಚುಕ್ಕಾಣಿ ಹಿಡಿದವನಿಗೆ ಹೇಳಿ ಚಾ ಕುಡಿಯಲು ಹೋಗುತ್ತಿದ್ದೆ. ನಿನಗೆ ಬಂದ ಹೆದರಿಕೆ ನನಗೆ ಒಮ್ಮೆಯೂ ಬರಲಿಲ್ಲ. ಈಗ ಮಲ್ಪೆಯಲ್ಲಿ ಕೂತು ಅದೇ ಬೇಜಾರು.

ಆ ನಾಟಕ ಅನ್ನುವ ಮಾತು ಇನ್ನೂ ಚುಚ್ಚುತ್ತಾ ಇದೆ. ನಾಟಕ ಮಾಡುವವಳು ಈ ಮುದಿ ಮಾವನಿಗೆ ಯಾಕೆ ಬರೆಯುತ್ತಿದ್ದಳು?

ಬುದ್ಧಿ ಹೇಳುವಷ್ಟು ನಾನು ಓದಿದವನಲ್ಲ. ಆದರೂ ಸುರತ್ಕಲ್ಲಿನಲ್ಲಿ ಯಾವುದಾದರೂ ಸೈಕಲ್ ಅಂಗಡಿಯಲ್ಲಿ ಹಳೆಯ ಮುಂದಿನ ಚಕ್ರ ಕೇಳಿ ನೋಡು. ಸಿಕ್ಕಿದರೆ ಮೇಲೆ ಹೇಳಿದ ಹಾಗೆ ಹಗ್ಗಕ್ಕೆ ಕಟ್ಟಿ ತಿರುಗಿಸಿ ಬಿಡು. ಬೆರಳು ಕಡ್ಡಿಗೆ ಸಿಗದ ಹಾಗೆ ಜೋಪಾನ. ಚಕ್ರ ನಿಧಾನ ಆದಂತೆ ಹಗ್ಗದ ಸುತ್ತ ಬರುವುದು ಜೋರಾಗುತ್ತದೆ, ನಿನ್ನ ಸೂತ್ರದಲ್ಲಿ ಚಕ್ರದ ವೇಗ ಛೇದದಲ್ಲಿದೆಯಲ್ಲ, ಅದಕ್ಕೆ. ಹಗ್ಗಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದರೆ ಇನ್ನೂ ಒಳ್ಳೆಯದು. ಚಕ್ರ ಗಾಳಿಯಲ್ಲಿ ನಿಂತ ಹಾಗೆ ಕಂಡರೂ ತೂಕ ಪೂರ್ತಿ ಹಗ್ಗದ ಮೇಲೇ ಇರುತ್ತದೆ.

ಬಿಡುವ ಮೊದಲು, ಸೂತ್ರ ಮುಟ್ಟದೆ, ಆ ರಿಮ್ಮಿನ ಚೂರನ್ನು ನೆನೆದು ಯಾವ ಕಡೆಗೆ ಸುತ್ತುತ್ತದೆ ಅಂತ ಚೀಟಿಯಲ್ಲಿ ಬರೆದಿಡು. ತಪ್ಪಿದರೆ ಚಕ್ರ ಹಿಡಿದುಕೊಂಡು ಶನಿವಾರದ ಬಸ್ಸಿಗೆ ಇಲ್ಲಿಗೆ ಬಾ, ಒಟ್ಟಿಗೆ ನೋಡುವ.

ನಿನ್ನ ಮಾವ