ನಮ್ಮ ಸಂಘಕ್ಕೊಂದು ಕೋಣೆ ಬೇಕು, ಶಾಸಕರೇ

ಮಾನ್ಯ ಶಾಸಕರಿಗೆ,

ನಮಸ್ಕಾರ. ಹೋದ ತಿಂಗಳು ತಾಲ್ಲೂಕಿನಲ್ಲಿ ನಡೆದ ಸಮಾವೇಶಕ್ಕೆ ನಮ್ಮೂರಿಂದ ಒಂದು ಬಸ್ಸು ತುಂಬ ಹೆಂಗಸರು ಬಂದಿದ್ದೆವು. "ಸಂಘದವರೆಲ್ಲ ಬರಲೇಬೇಕು" ಅಂತ ಹಿಂದಿನ ರಾತ್ರಿ ಫೋನ್ ಬಂದಿತ್ತು. ಹತ್ತಿ ಬಿಡಿಸುವ ಕೂಲಿ ಬಿಟ್ಟು ಬಂದೆವು. ನೀವು ವೇದಿಕೆ ಮೇಲಿಂದ ನಮ್ಮನ್ನು ಬಹಳ ಹೊಗಳಿದಿರಿ. ಆಮೇಲೆ ಪಲಾವ್ ಪೊಟ್ಟಣ ಸಿಕ್ಕಿತು. ಪಲಾವ್ ಚೆನ್ನಾಗಿಯೇ ಇತ್ತು. ಆದರೆ ನಾವು ಕೇಳಬೇಕೆಂದಿದ್ದ ಮಾತು ಬಾಯಲ್ಲೇ ಉಳಿಯಿತು.

ನಮ್ಮ ಸಂಘಕ್ಕೆ ಕೂರಲು ಜಾಗವಿಲ್ಲ.

2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಅಂಗನವಾಡಿ ಟೀಚರ್ ಮನೆಮನೆಗೆ ಬಂದು ಕಟ್ಟಿಸಿದ ಸಂಘ ಇದು. 16 ಜನ ಇದ್ದೇವೆ. ಸೋಮವಾರ ರಾತ್ರಿ ಮುದ್ದೆ ತಿರುವಿಟ್ಟು, ಮಾರಮ್ಮನ ಗುಡಿ ಜಗಲಿಯಲ್ಲಿ ಸೇರುತ್ತೇವೆ. ಉಳಿತಾಯದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಹತ್ತಿರ. ನಡುರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆ ಪೆಟ್ಟಿಗೆ ತೆರೆಯುತ್ತದೆ. ಬ್ಯಾಂಕು ತೆರೆಯುವುದು ಬೆಳಿಗ್ಗೆ ಅಲ್ವಾ?

ಹಣವನ್ನು ಜಗಲಿ ಮೇಲೂ ಎಣಿಸಬಹುದು. ಕೆಲವು ಮಾತು ಅಲ್ಲಿ ಆಡಲಾಗುವುದಿಲ್ಲ. ಆಚೆ ತುದಿಯಲ್ಲಿ ಇಸ್ಪೀಟು ಆಡುವವರ ಕಿವಿಯೆಲ್ಲ ಈಚೆಗೇ ಇರುತ್ತದೆ. ಒಮ್ಮೆ ಒಬ್ಬಳು ಕೆನ್ನೆ ಊದಿಸಿಕೊಂಡು ಬಂದಳು, ಹೆಸರು ಬೇಡ. ಕೇಳಿದರೆ ಹಲ್ಲುನೋವು ಅಂದಳು. ನಿಜ ಗೊತ್ತಾಗಿದ್ದು ಮೂರು ವಾರ ಕಳೆದ ಮೇಲೆ, ಹೊಲದಲ್ಲಿ ಕಳೆ ಕೀಳುವಾಗ. ಅವತ್ತೇ ಸಂಜೆ ಐದು ಜನ ಅವಳ ಮನೆಗೆ ಹೋಗಿ ಗಂಡನ ಎದುರು ಕೂತೆವು. ಆ ಮೂರು ವಾರ ಅವಳು ಸುಮ್ನೆ ಏಟು ತಿಂದಳು.

ಕಿರುಸಾಲ ವಸೂಲಿ ಮಾಡುವವರ ಕಾಟ ತಡೆಯಲು 2025ರಲ್ಲಿ ಸರ್ಕಾರ ಕಾನೂನು ತಂದಿತು. ಒಳ್ಳೆಯದೇ. ಆದರೆ ನನ್ನ ಬಾಗಿಲಿಗೂ ಅವರು ಬಂದಿದ್ದರು ಅಂತ ಜಗಲಿ ಮೇಲೆ ಯಾರು ಬಾಯಿಬಿಡುತ್ತಾರೆ ಹೇಳಿ?

ನಾವೇನೂ ಹೊಸದನ್ನು ಕೇಳುತ್ತಿಲ್ಲ. ಹಳ್ಳಿ ಹೆಂಗಸರನ್ನು ಒಟ್ಟುಗೂಡಿಸಿ ಕಲಿಸುವ ಸರ್ಕಾರದ ‘ಮಹಿಳಾ ಸಮಾಖ್ಯ’ ಕಾರ್ಯಕ್ರಮ 1989ರಲ್ಲಿ ನಮ್ಮ ರಾಜ್ಯಕ್ಕೆ ಬಂತು. ಬೀದರ್, ಬಿಜಾಪುರ, ಮೈಸೂರು ಕಡೆಯಿಂದ ಶುರುವಾದ ಆ ಕಾರ್ಯಕ್ರಮದಲ್ಲಿ ಹಳ್ಳಿ ಹೆಂಗಸರು ತಮಗಂತಲೇ ‘ಸಂಘದ ಮನೆ’ ಕಟ್ಟಿಕೊಂಡಿದ್ದರು. ಅಲ್ಲಿ ಸಾಲಕ್ಕಿಂತ ಮೊದಲು ಮಾತುಕತೆ.

ನಮಗೆ ಹೊಸ ಕಟ್ಟಡ ಬೇಡ. ಪಂಚಾಯಿತಿಯ ಹಳೇ ಕಟ್ಟಡದಲ್ಲಿ ಒಂದು ಕೋಣೆ ಇದೆ. ಒಳಗೆ ಮುರಿದ ಕುರ್ಚಿ, ಬ್ಲೀಚಿಂಗ್ ಪೌಡರ್ ಚೀಲ ತುಂಬಿದ್ದಾರೆ. ಸುಣ್ಣ ನಾವೇ ಹೊಡೆದುಕೊಳ್ಳುತ್ತೇವೆ. ಒಂದು ದೀಪ, ಒಳಗಿಂದ ಹಾಕುವ ಚಿಲಕ, ಹತ್ತಿರದಲ್ಲೊಂದು ಶೌಚಾಲಯ ಆದರೆ ಸಾಕು. ಎರಡು ಸಲ ಅರ್ಜಿ ಕೊಟ್ಟಿದ್ದೇವೆ. "ನೋಡೋಣಮ್ಮ" ಅಂದರು. ನೀವು ಒಂದು ಮಾತು ಹೇಳಿದರೆ ಬೇಗ ನೋಡುತ್ತಾರೆ.

ಇನ್ನೊಂದು ವಿಷಯ. ಅವತ್ತು ಬಸ್ಸು ಊರಿಗೆ ವಾಪಸ್ ಬಂದಾಗ ರಾತ್ರಿ ಹತ್ತು ದಾಟಿತ್ತು. ಪುಸ್ತಕದಲ್ಲಿ ಆ ಸೋಮವಾರದ ಹಾಳೆ ಖಾಲಿ ಬಿಟ್ಟಿದ್ದೇನೆ. ಮುಂದಿನ ಸಲ ಕರೆಯುವುದಾದರೆ ದಯವಿಟ್ಟು ಬೇರೆ ದಿನ ಕರೆಯಿರಿ.

ಇಂತಿ,
ಸಂಘದ ಪುಸ್ತಕ ಬರೆಯುವವಳು