ಅಂಡಮಾನಿಗೆ ಎಷ್ಟು ಟಿಕೆಟ್ ಮಾಡಲಿ?

ಲೋ ದೋಸ್ತ,

"ಈ ಬೇಸಿಗೆಗೆ ಎಲ್ಲಿಗೋ?" ಅಂತ ನೀನು ಕೇಳಿದ್ದು ಒಂದೇ ಸಾಲು. ಉತ್ತರವನ್ನೂ ವಾಟ್ಸಾಪಿನಲ್ಲಿ ಒಂದೇ ಪದದಲ್ಲಿ ಮುಗಿಸಬಹುದಿತ್ತು. ಆದರೆ ಪತ್ರವನ್ನೇ ಬರೆದು ಎಲ್ಲರ ಮುಂದೆ ಇಡೋಣ ಅನ್ನಿಸಿತು. ಯಾಕೆ ಅಂತ ಓದ್ತಾ ಹೋದರೆ ನಿನಗೇ ಗೊತ್ತಾಗುತ್ತೆ.

ಅಂಡಮಾನ್. ನೀನು ಹೇಳಿದ ಲಕ್ಷದ್ವೀಪವನ್ನೂ ವಿಚಾರಿಸಿದೆ. ಅಲ್ಲಿಗೆ ಪರ್ಮಿಟ್ ಮಾಡಿಸಬೇಕು, ಹೆಚ್ಚಾಗಿ ಕೊಚ್ಚಿಯಲ್ಲಿ ಇಳಿದು ಹತ್ತಬೇಕು. ಅಮ್ಮನ ಮಂಡಿಗೆ ಅಷ್ಟೆಲ್ಲ ಆಗಲ್ಲ. ಪೋರ್ಟ್ ಬ್ಲೇರಿಗಾದರೆ ಬೆಂಗಳೂರಿಂದ ನೇರ ವಿಮಾನ. 2024ರಲ್ಲಿ ಆ ಊರು ಶ್ರೀ ವಿಜಯಪುರಂ ಆಗಿದೆ, ನಮ್ಮನೆಯಲ್ಲಿ ಮಾತ್ರ ಇನ್ನೂ ಹಳೇ ಹೆಸರೇ ಓಡ್ತಿದೆ.

ನನ್ನ ಹೆಂಡತಿಗೆ ಮೇ ಕೊನೆಗೆ ಹೋಗುವ ಮನಸ್ಸಿತ್ತು, ಆಫೀಸಿನಲ್ಲಿ ಆಗಲೇ ರಜೆ ಸುಲಭ. ಆದರೆ ಮುಂಗಾರು ಕೇರಳಕ್ಕೆ ಬರುವ ಮೊದಲು ಅಂಡಮಾನಿಗೆ ಇಳಿಯುತ್ತದೆ, ಸಾಮಾನ್ಯವಾಗಿ ಮೇ ಮೂರನೇ ವಾರದ ಸುಮಾರಿಗೆ. ಸಮುದ್ರ ಎದ್ದರೆ ಫೆರಿ ನಿಲ್ಲಿಸಿಬಿಡುತ್ತಾರೆ. ಹ್ಯಾವ್‌ಲಾಕ್ ದ್ವೀಪದಲ್ಲಿ ಸಿಕ್ಕಿಹಾಕಿಕೊಂಡರೆ ವಿಮಾನ ತಪ್ಪಿದಂತೆಯೇ. ಅದಕ್ಕೇ ಏಪ್ರಿಲ್ ಕೊನೆ ಅಂತ ಗಟ್ಟಿ ಮಾಡಿದ್ದೇವೆ, ಹೊರಡುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ. ಈ ಒಂದು ರಾತ್ರಿಯ ವಿಷಯದಲ್ಲಿ ಯಾರು ಏನೇ ಹೇಳಲಿ, ನಾನು ಬಗ್ಗಲ್ಲ.

ಅಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ನಮ್ಮದೇ ಅಲ್ವಾ. ಬೆಳಗಾಗುವುದೂ ಐದಕ್ಕೆ. ನಾಲ್ಕೂವರೆಗೆ ಎದ್ದು ಕೂರುವ ಅಮ್ಮನಿಗೆ ಇದನ್ನು ಹೇಳಿದಾಗ ಅವಳ ಮುಖ ನೋಡಬೇಕಿತ್ತು ನೀನು. ಮಗನಿಗೆ ಹತ್ತು ತುಂಬಿದೆ, ಸ್ಕೂಬಾ ಮಾಡಿಸ್ತಾರೆ ಅಂತ ನಿದ್ದೆಯಲ್ಲೂ ಅದೇ ಜಪ. ನೀಲ್ ದ್ವೀಪದ ಆ ಕಲ್ಲಿನ ಸೇತುವೆಗೆ ಇಳಿತದ ಹೊತ್ತು ನೋಡಿಕೊಂಡು ಹೋಗಬೇಕು. ಕೆಳಗೆಲ್ಲ ಜಾರುವ ಬಂಡೆ, ಅಮ್ಮ ದಡದಲ್ಲೇ ಕೂರಲಿ. ಅವಳ ಜೊತೆಗೆ ಒಬ್ಬರು ಕೂರಬೇಕು.

ಆ ಒಬ್ಬರು ಯಾರು ಅನ್ನುವಲ್ಲಿಗೆ ಬಂದಾಗಲೇ ನನ್ನ ಲೆಕ್ಕ ನಿಂತದ್ದು.

ಮೊನ್ನೆ ಭಾನುವಾರ ಅಮ್ಮ ಕೋಡುಬಳೆಗೆ ಕೂತಿದ್ದಳು. ಟಿಕೆಟ್ಟೇ ಆಗಿಲ್ಲ, ಅವಳಿಗೆ ಆಗಲೇ ಅವಸರ, ಒಂದ್ಸಲ ಹದ ನೋಡ್ತೀನಿ ಅಂತ. ಮುಂದೆ ಎರಡು ಬಟ್ಟಲು ಹಿಟ್ಟು. ಒಂದು ಕೆಂಪಗೆ, ಇನ್ನೊಂದು ಬಿಳಿಚಿಕೊಂಡಿತ್ತು. ಮಣೆಯ ಮೇಲೆ ಹೊಸೆದು, ತುದಿಗೆ ತುದಿ ಸೇರಿಸಿ ಹೆಬ್ಬೆರಳಲ್ಲಿ ಒತ್ತಿ, ಹಳೇ ಪೇಪರಿನ ಮೇಲೆ ಕೆಂಪು ಬೇರೆ, ಬಿಳಿ ಬೇರೆ ಸಾಲಾಗಿ ಇಡುತ್ತಿದ್ದಳು. ಇದ್ಯಾಕಮ್ಮ ಎರಡು ಅಂದೆ. "ದೊಡ್ಡೋನಿಗೆ ಖಾರ ಆಗಲ್ವಲ್ಲೋ. ಅವೋಮಿನ್ ಒಂದು ಪಟ್ಟಿ ಜಾಸ್ತಿ ತಗೋ, ದೋಣಿ ಹತ್ತಿದ್ರೆ ಅವನಿಗೆ ವಾಂತಿ" ಅಂದಳು. ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ.

ಅಣ್ಣನನ್ನು ಯಾರೂ ಕರೆದಿಲ್ಲ ಕಣೋ.

ಬಸವನಗುಡಿ ಮನೆ ಮಾರಿದ ಮೇಲಿನ ಕಥೆ ನಿನಗೆ ಗೊತ್ತೇ ಇದೆ, ಅದನ್ನಿಲ್ಲಿ ಬಿಚ್ಚಲ್ಲ. ಅವನು ಯಲಹಂಕ, ನಾನು ಜೆ.ಪಿ. ನಗರ. ಕೇಳಿದವರಿಗೆಲ್ಲ ಇಬ್ಬರೂ ಟ್ರಾಫಿಕ್ಕಿನ ನೆಪ ಹೇಳಿಕೊಂಡು ಬಂದಿದ್ದೇವೆ. ಹಬ್ಬ ಬಂದರೆ ಯಾರ ಮನೆಯಲ್ಲಿ ಅನ್ನುವ ಮಾತು ಬರುತ್ತದೆ, ಅಲ್ಲಿಗೆ ಹಬ್ಬ ಮುಗಿಯುತ್ತದೆ. ಅಮ್ಮ ಬ್ಯಾಗು ಹಿಡಿದುಕೊಂಡು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಾಳೆ. ಅವಳು ಒಂದು ದಿನವೂ ಬಾಯಿಬಿಟ್ಟು ಕೇಳಿಲ್ಲ. ಕೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಆ ರಾತ್ರಿ ಹೊಳೆಯಿತು, ಇಷ್ಟು ದಿನ ನಾನು ಇಂಥದೊಂದು ಜಾಗವನ್ನೇ ಹುಡುಕುತ್ತಿದ್ದೆ. ಅದು ಅವನ ಮನೆಯೂ ಅಲ್ಲ, ನನ್ನ ಮನೆಯೂ ಅಲ್ಲ. ಯಾರೂ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಜಗಳವಾದರೂ ಫೆರಿ ಬರುವ ತನಕ ಎದ್ದು ಹೋಗೋಕಾಗಲ್ಲ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ವಲ್ಲ, ನಾವು ಮೂವರೂ ಚಡ್ಡಿ ಹುಡುಗರು. ದೋಣಿ ಓಲಾಡಿದಾಗೆಲ್ಲ ಅಣ್ಣ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ವಾಂತಿ ತಡೆದುಕೊಳ್ಳುತ್ತಿದ್ದ. ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ಕಾಲರು. ದಡ ಮುಟ್ಟಿ, ಆ ಕಂಬದಂಥ ಕಲ್ಲುಗಳ ಮೇಲೆ ಹತ್ತಿದ ಮೇಲೂ ಬಿಡಲಿಲ್ಲ ಅವನು. ನೀನು ಆಗ ಮಾಡಿದ ಬಾಳೆಹಣ್ಣಿನ ಘನಕಾರ್ಯವನ್ನು ಇಲ್ಲಿ ಬರೆಯಲ್ಲ, ನಿನ್ನ ಮಕ್ಕಳೂ ಓದ್ತಾರೆ.

ಅಣ್ಣಾ, ನೀನೂ ಓದ್ತೀಯ ಅಂತ ನನಗೆ ಗೊತ್ತು. ಇವನು ಬರೆಸಿಕೊಂಡ ಪತ್ರದಲ್ಲಿ ನಿನಗೆ ಹೇಳುತ್ತಿದ್ದೇನೆ: ಬಾ. ಅತ್ತಿಗೆಯನ್ನೂ ಪಾಪುವನ್ನೂ ಕರಕೊಂಡು ಬಾ. ಅಮ್ಮನ ಪಕ್ಕ ದಡದಲ್ಲಿ ನೀನು ಕೂತಿರಬೇಕು ಅಂತ ನನಗಾಸೆ. ಈ ವಾರದೊಳಗೆ ಫೋನ್ ಮಾಡ್ತೀನಿ, ಎತ್ತು.

ಸಾಕಪ್ಪ, ಎಲ್ಲಿಂದ ಎಲ್ಲಿಗೋ ಹೋಯಿತು. ದೋಸ್ತ, ನೀನು ನಡುವೆ ಬಂದು ರಾಯಭಾರ ಮಾಡಬೇಡ, ನಿನ್ನ ರಾಯಭಾರ ಏನಂತ ಕಾಲೇಜಿನಲ್ಲೇ ನೋಡಿದ್ದೇವೆ. ನಿನ್ನ ಸ್ನಾರ್ಕೆಲ್ ಮಾಸ್ಕ್ ಮಾತ್ರ ತಂದುಕೊಡು, ಮಗನ ಅಳತೆಗೆ ಆಗುತ್ತಾ ನೋಡೋಣ. ಅಲ್ಲಿ ಮರಳುನೊಣ ಕಚ್ಚುತ್ತವಂತೆ, ನೀನು ಹೋದಾಗ ಏನು ಹಚ್ಚಿಕೊಂಡಿದ್ದೆ ಅಂತಲೂ ಬರಿ. ಟಿಕೆಟ್ ದರ ದಿನಾ ಏರುತ್ತಿದೆ, ಬೇಗ.

ನಿನ್ನ,
ಕಿಟಕಿ ಸೀಟು