ಥಿಸಲ್‌ಗಾರ್ಮ್ ಚಿತ್ರಗಳು ಮುಗಿದವು, ಕೆಲವರ ಋಣ ಹೇಳಿಕೊಳ್ಳಬೇಕು

ಸಮುದ್ರದಲ್ಲಿ ಮುಳುಗಿರುವ ಎಸ್‌ಎಸ್ ಥಿಸಲ್‌ಗಾರ್ಮ್ ಹಡಗನ್ನು ಕಂಪ್ಯೂಟರಿನಲ್ಲಿ ಕಟ್ಟಿ ಮಾಡಿದ ನನ್ನ ಚಿತ್ರಸರಣಿಯ ಕೊನೆಯ ಫ್ರೇಮ್ ಮೊನ್ನೆ ರಾತ್ರಿ ರೆಂಡರ್ ಆಯಿತು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರವಾಗಿಸಿತು. ಕೆಲಸಕ್ಕಿದ್ದ ವಿಎಫ್‌ಎಕ್ಸ್ (ಸಿನಿಮಾಗಳಿಗೆ ಕಂಪ್ಯೂಟರ್ ದೃಶ್ಯ ಮಾಡುವ) ಸ್ಟುಡಿಯೋ ಬಾಗಿಲು ಹಾಕಿಕೊಂಡ ಮೇಲೆ, ಸಂಬಳವಿಲ್ಲದೆ ಮನೆಯಲ್ಲಿ ಕೂತಿದ್ದ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಇದು. ಈಗ ಬೇರೆ ಕಡೆ ಕೆಲಸ ಸಿಕ್ಕಿದೆ, ಅದೂ ಈ ಚಿತ್ರಗಳನ್ನು ತೋರಿಸಿಯೇ. ನೆರವಾದವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು.

ಥಿಸಲ್‌ಗಾರ್ಮ್ 1940ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ ನೀರಿಗಿಳಿದ ಸರಕು ಹಡಗು. ಉತ್ತರ ಆಫ್ರಿಕಾದ ಬ್ರಿಟಿಷ್ ಸೈನ್ಯಕ್ಕೆ ಲಾರಿ, ಮೋಟಾರ್‌ಸೈಕಲ್, ಬಂದೂಕು, ರಬ್ಬರ್ ಬೂಟು, ಎರಡು ರೈಲ್ವೆ ಎಂಜಿನ್ ಹೊತ್ತು ಕೆಂಪು ಸಮುದ್ರದಲ್ಲಿ ಲಂಗರು ಹಾಕಿ ನಿಂತಿತ್ತು. 1941ರ ಅಕ್ಟೋಬರ್ 6ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಜರ್ಮನ್ ವಿಮಾನ ಬಾಂಬು ಹಾಕಿತು. ಹಿಂಬದಿಯ ಮದ್ದುಗುಂಡು ಸಿಡಿದು ಹಡಗು ಸೀಳಿತು, ರೈಲ್ವೆ ಎಂಜಿನ್‌ಗಳು ಹಾರಿ ಪಕ್ಕದ ಮರಳಿಗೆ ಬಿದ್ದವು. ಇವತ್ತಿಗೂ ಅದು ಸುಮಾರು 30 ಮೀಟರ್ ಆಳದಲ್ಲಿ ಇದೆ.

ಮೊದಲ ವಂದನೆ ಥಿಸಲ್‌ಗಾರ್ಮ್ ಪ್ರಾಜೆಕ್ಟ್ ತಂಡಕ್ಕೆ. 2017ರಲ್ಲಿ ಅವರು 24,307 ಫೋಟೋ ತೆಗೆದು, ಅವನ್ನು ಹೊಲಿದು ಇಡೀ ಹಡಗಿನ ತ್ರೀಡಿ ಮಾದರಿ ಕಟ್ಟಿದರು. ಅದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಎಲ್ಲರೂ ತಿರುಗಿಸಿ ನೋಡುವಂತೆ ಮಾಡಿದರು. ಡೆಕ್ಕಿನ ಮೇಲೆ ಯಾವ ತಗಡು ಎಷ್ಟು ಬಗ್ಗಿದೆ ಎಂಬುದನ್ನು ಊಹಿಸುವ ಪ್ರಮೇಯವೇ ನನಗೆ ಬರಲಿಲ್ಲ. ಆ ಮಾದರಿಯನ್ನು ಪಕ್ಕದಲ್ಲಿಟ್ಟುಕೊಂಡು ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ನನ್ನ ಹಡಗನ್ನು ಮೊದಲಿಂದ ಕಟ್ಟಿದೆ.

ಆದರೆ ಹಡಗು ಸಿಕ್ಕ ಮಾತ್ರಕ್ಕೆ ನೀರು ಸಿಗುವುದಿಲ್ಲ. ಅದನ್ನು ಕೊಟ್ಟವರು ನೇತ್ರಾಣಿಯಲ್ಲಿ ನನಗೆ ಡೈವಿಂಗ್ ಕಲಿಸಿದ ಸರ್. ಅವರು ಥಿಸಲ್‌ಗಾರ್ಮ್‌ಗೂ ಇಳಿದು ಬಂದವರು. "ನೀವು ನೋಡೋ ಕೆಂಪು ಹವಳದ ಫೋಟೋ ಎಲ್ಲ ಫ್ಲ್ಯಾಶಿಂದು. ಟಾರ್ಚ್ ಆರಿಸಿದ್ರೆ ಅಲ್ಲಿ ಕೆಂಪು ಅನ್ನೋದೇ ಇಲ್ಲ" ಅಂದರು. ನೀರು ಮೊದಲು ನುಂಗುವುದು ಕೆಂಪನ್ನೇ. ಬಿಸಿಲು ಮೇಲಿಂದ ಇಳಿಯುವ ದಾರಿಯಲ್ಲೂ ನುಂಗುತ್ತದೆ, ವಸ್ತುವಿನಿಂದ ಕ್ಯಾಮೆರಾಕ್ಕೆ ಬರುವ ದಾರಿಯಲ್ಲೂ ನುಂಗುತ್ತದೆ. ಹಾಗಾಗಿ ಕೊನೆಯಲ್ಲಿ ನೀಲಿ ಫಿಲ್ಟರ್ ಬಳಿಯದೆ, ದೃಶ್ಯದೊಳಗೆ ತುಂಬಿದ ನೀರಿನಲ್ಲೇ (ವಾಲ್ಯೂಮ್) ಕೆಂಪು ಬೇಗ ಸಾಯುವಂತೆ ಲೆಕ್ಕ ಹಾಕಿದೆ. ಈಗ ಲಾರಿಯ ಬಾನೆಟ್ ಬೂದುನೀಲಿಯಾಗಿದೆ. ಮುಳುಗುಗಾರನ ಟಾರ್ಚ್ ಹತ್ತಿರದಿಂದ ಬಿದ್ದ ಕಡೆ ಮಾತ್ರ ತುಕ್ಕಿನ ಬಣ್ಣ ಏಳುತ್ತದೆ.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು: ಅಷ್ಟು ಸಲ ಇಳಿದರೂ ಹಡಗನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ನೋಟಕ್ಕೆ ಕಂಡಿಲ್ಲವಂತೆ. ಅದರ ಉದ್ದ ಸುಮಾರು 126 ಮೀಟರ್, ನೀರಿನಲ್ಲಿ ಕಣ್ಣು ಅಷ್ಟು ದೂರ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಇಡೀ ಹಡಗು ತೋರಿಸುವುದು ಸುಲಭ, ನೋಡಲೂ ಭರ್ಜರಿ. ಆದರೂ ನನ್ನ ಸರಣಿಯ ಒಂದು ಚಿತ್ರದಲ್ಲೂ ಪೂರ್ತಿ ಹಡಗು ಇಲ್ಲ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ನಿರ್ಧಾರ ಅದು.

ಮಲ್ಪೆಯ ಮಾವನಿಗೆ ಹೇಗೆ ಕೃತಜ್ಞತೆ ಹೇಳಲಿ! ದಡಕ್ಕೆಳೆದ ಕಬ್ಬಿಣದ ಬೋಟುಗಳ ಅಡಿಗೆ ನನ್ನನ್ನು ಕೂರಿಸಿ ತೋರಿಸಿದರು. "ಚಿಪ್ಪು ಸುಣ್ಣ ಬಳಿದ ಹಾಗೆ ಸಮ ಇರುದಿಲ್ಲ ಮಾರಾಯ, ಸಂದಿಯಲ್ಲಿ ಗುಂಪು ಕಟ್ಟಿ ಕೂತಿರ್ತದೆ ನೋಡು." ಮನೆಗೆ ಬಂದು ಚಿಪ್ಪುಗಳನ್ನು ಎಲ್ಲೆಡೆ ಸಮನಾಗಿ ಚೆಲ್ಲುವ ಸೆಟ್ಟಿಂಗ್ ತೆಗೆದುಹಾಕಿ, ಎಲ್ಲೆಲ್ಲಿ ಕೂರಬೇಕೋ ಅಲ್ಲಲ್ಲಿ ಕೈಯಿಂದಲೇ ಬಳಿದೆ. ಮೇಲ್ಮುಖದ ತಗಡುಗಳಿಗೆ ಮಾತ್ರ ಹೂಳು ಬರುವಂತೆ ಮಾಡಿದೆ.

ಹಳೆಯ ಸ್ಟುಡಿಯೋದ ಗೆಳೆಯನೊಬ್ಬ ತನ್ನ ಗ್ರಾಫಿಕ್ಸ್ ಕಾರ್ಡನ್ನು ವಾಪಸ್ ಕೇಳದೆ ಬಿಟ್ಟಿದ್ದಾನೆ. ಅದಕ್ಕಿಂತ ದೊಡ್ಡ ಉಪಕಾರವೂ ಅವನದೇ. ಸಮುದ್ರದ ನೀರಿನಲ್ಲಿ ಸದಾ ತೇಲುವ ಬಿಳಿ ಕಣಗಳನ್ನು ಡಿನಾಯ್ಸರ್ (ಚಿತ್ರದ ಚುಕ್ಕೆಗಳನ್ನು ಒರೆಸುವ ಸಾಧನ) ಕೊಳೆ ಎಂದೇ ತಿಳಿದು ಒರೆಸಿಹಾಕುತ್ತದೆ. ಕಣಗಳನ್ನು ಬೇರೆ ಪಾಸ್‌ನಲ್ಲಿ, ಅಂದರೆ ಪ್ರತ್ಯೇಕ ಪದರವಾಗಿ, ರೆಂಡರ್ ಮಾಡಿ, ಪದರಗಳನ್ನು ಜೋಡಿಸುವ ಕೊನೆಯ ಹಂತದಲ್ಲಿ (ಕಾಂಪ್) ಮೇಲೆ ಕೂರಿಸು ಎಂದ. ಕಣಗಳು ಬಂದ ಕೂಡಲೇ ಆ ಜಾಗಕ್ಕೆ ಆಳ ಬಂತು.

ಅಮ್ಮ ಮೊದಲ ಚಿತ್ರ ನೋಡಿ ಚೆನ್ನಾಗಿದೆ ಎನ್ನಲಿಲ್ಲ. "ಇದರಲ್ಲಿ ಇದ್ದೋರು ಏನಾದ್ರೋ?" ಎಂದು ಕೇಳಿದರು. ಒಂಬತ್ತು ಮಂದಿ ಸತ್ತರು, ನಾಲ್ವರು ನಾವಿಕರು, ಐವರು ಫಿರಂಗಿ ಕಾಯುತ್ತಿದ್ದ ನೌಕಾಪಡೆಯವರು. ಉಳಿದವರನ್ನು ಎಚ್‌ಎಂಎಸ್ ಕಾರ್ಲೈಲ್ ಹಡಗು ಎತ್ತಿಕೊಂಡಿತು. ಅಮ್ಮನಿಗೆ ಇಷ್ಟು ಹೇಳಿದ ಮೇಲೆ, ಹಿಂಬದಿಯ ಫಿರಂಗಿಯ ಚಿತ್ರದಲ್ಲಿ ಮುಳುಗುಗಾರನನ್ನೂ ಮೀನಿನ ಹಿಂಡನ್ನೂ ಇಡಲಿಲ್ಲ. ಆ ಚಿತ್ರ ಅಮ್ಮನದು.

ಮನೆಯ ಖರ್ಚನ್ನೆಲ್ಲ ಒಬ್ಬಳೇ ತೂಗಿಸಿ, ಒಂದು ದಿನವೂ "ಇದರಿಂದ ಏನು ಬರುತ್ತೆ" ಎಂದು ಕೇಳದ ಹೆಂಡತಿಗೆ ಮನೆಯಲ್ಲೇ ಹೇಳಿದ್ದೇನೆ, ಇಲ್ಲಿ ಎಲ್ಲರೆದುರೂ ಹೇಳುತ್ತಿದ್ದೇನೆ: ಇದು ನಿನ್ನ ದುಡಿಮೆಯ ಮೇಲೆ ನಿಂತ ಕೆಲಸ.

ನೀರು, ಹೂಳು, ತೇಲುವ ಕಣಗಳ ಸೆಟ್ಟಿಂಗ್ ಇರುವ ಬ್ಲೆಂಡ್ ಫೈಲನ್ನು ಕಲಿಯುವ ಹುಡುಗ ಹುಡುಗಿಯರಿಗೆ ಉಚಿತವಾಗಿ ಕೊಡುತ್ತೇನೆ. ಮೆಸೇಜ್ ಮಾಡಿ, ಕನ್ನಡದಲ್ಲೇ ವಿವರಿಸುತ್ತೇನೆ.